ಯುದ್ಧನೌಕೆ ಅಡ್ಡ ಬಂದ್ರೆ ಮರ್ಚೆಂಟ್ ಶಿಪ್ ದಾರಿ ಬಿಡಬೇಕಾ? ಡಿಕ್ಕಿ ಆದ್ರೆ ತಪ್ಪು ಯಾರದ್ದು?

ಪ್ರಶ್ನೆ ಓದಿದ ಕೂಡಲೇ ಹತ್ತು ವರ್ಷದ ಹಿಂದಿನ ನಾನೇ ಕೇಳ್ತಾ ಇದೀನೇನೋ ಅನ್ನಿಸ್ತು. ಥರ್ಡ್ ಆಫೀಸರ್ ಆಗಿ ಮೊದಲ ಸಲ ಜಾಯಿನ್ ಆಗ್ತಿದೀನಿ, ಕ್ರಾಸಿಂಗ್‌ನಲ್ಲಿ ನಾವು ಸ್ಟ್ಯಾಂಡ್ ಆನ್ (ಕೋರ್ಸು ಬದಲಿಸದೆ ಹೋಗಬೇಕಾದ ಹಡಗು) ಆಗಿದ್ದು ನೇವಿ ಶಿಪ್ ದಾರಿ ಬಿಡದೆ ಬಂದು ಹೊಡೆದ್ರೆ ಪೂರ್ತಿ ತಪ್ಪು ಅವರದ್ದೇ ತಾನೆ ಅಂತ ಕೇಳಿದೀರಿ. ನೇವಿ ಹಡಗಿಗೆ ಬಾವುಟ ಇಳಿಸಿ ಸಲ್ಯೂಟ್ ಮಾಡೋ ಪದ್ಧತಿ ಇದೆಯಂತಲ್ಲ, ಹಾಗಿದ್ರೆ ದಾರೀನೂ ಬಿಡಬೇಕಾ ಅಂತಾನೂ ಕೇಳಿದೀರಿ. ಬಾವುಟದ್ದು ಕೊನೆಗೆ ಹೇಳ್ತೀನಿ.

ನಾನು ತದಡಿ ಕಡೆಯವನು. ಚಿಕ್ಕಪ್ಪ ಟ್ರಾಲರ್ ಬೋಟಿನ ತಾಂಡೇಲರು (ಬೋಟು ನಡೆಸೋರು), ರಜೆ ಬಂತು ಅಂದ್ರೆ ನಾನು ಅವರ ಬೋಟಲ್ಲೇ ಇರ್ತಿದ್ದೆ. ರಾತ್ರಿ ದೂರದಿಂದ ಬೋಟಿನ ಲೈಟು ಹೇಗೆ ಕಾಣುತ್ತೆ, ಬಲೆ ಎಳೆಯುವಾಗ ಬೋಟು ಹೇಗೆ ತೆವಳುತ್ತೆ, ದೊಡ್ಡ ಹಡಗು ಮೈಮೇಲೆ ಬರೋ ಹಾಗೆ ಕಂಡ್ರೂ ತಾಂಡೇಲರು ಕೊನೇ ಗಳಿಗೆವರೆಗೂ ಕಾದು ಹೇಗೆ ತಿರುಗಿಸಿಬಿಡ್ತಾರೆ, ಇದೆಲ್ಲ ಪುಸ್ತಕ ಓದೋಕ್ಕೂ ಮುಂಚೆ ಕಣ್ಣಾರೆ ನೋಡಿದ್ದೆ. ಇದನ್ನ ಯಾಕೆ ಮೊದಲೇ ಹೇಳ್ತಿದೀನಿ ಅಂದ್ರೆ ನನ್ನ ತಪ್ಪು ಹುಟ್ಟಿದ್ದೇ ಇಲ್ಲಿಂದ.

2014ರ ಮಾರ್ಚ್. ಫೀಡರ್ (ಸಣ್ಣ) ಕಂಟೇನರ್ ಹಡಗು, ದುಬೈನ ಜೆಬೆಲ್ ಅಲಿಯಿಂದ ಕೊಲಂಬೋಗೆ. ಹೋರ್ಮುಜ್ ದಾಟಿ ಗಲ್ಫ್ ಆಫ್ ಓಮಾನ್‌ನಲ್ಲಿ ಇದ್ವಿ, ಸ್ಪೀಡ್ 17 ನಾಟ್ (ಗಂಟೆಗೆ 17 ನಾಟಿಕಲ್ ಮೈಲಿ). ನನ್ನದು ರಾತ್ರಿ ಎಂಟರಿಂದ ಹನ್ನೆರಡರ ವಾಚ್, ಅಂದ್ರೆ ಬ್ರಿಜ್ (ಹಡಗು ನಡೆಸೋ ಕೋಣೆ) ಪಾಳಿ. ಥರ್ಡ್ ಮೇಟ್ (ಥರ್ಡ್ ಆಫೀಸರ್) ಆಗಿ ಎರಡನೇ ಕಾಂಟ್ರಾಕ್ಟ್, ಸೆಕೆಂಡ್ ಮೇಟ್ ಪ್ರಮೋಷನ್ ಹತ್ರದಲ್ಲೇ ಇತ್ತು. ಚಂದ್ರ ಇಲ್ಲ, ಗಾಳಿ ಇಲ್ಲ, ಆಕಾಶ ಶುಭ್ರ. ಸುತ್ತ ಮೀನಿನ ದೋಣಿಗಳು, ಢೋಗಳು (ಅರಬರ ಮರದ ಹಡಗು), ರಡಾರ್ ಪರದೆ ಮೇಲೆ ಎಳ್ಳು ಚೆಲ್ಲಿದ ಹಾಗೆ ಚುಕ್ಕೆ. ನನ್ನ ಜೊತೆ ಲುಕ್‌ಔಟ್‌ಗೆ ರತ್ನಗಿರಿ ಕಡೆಯ ಒಬ್ಬ ಎಬಿ (ಅನುಭವಿ ನಾವಿಕ) ಇದ್ರು, ಐವತ್ತು ದಾಟಿದವರು, ನಾವೆಲ್ಲ ಕಾಕಾ ಅಂತಿದ್ವಿ.

ರಾತ್ರಿ 10:31ಕ್ಕೆ ಪೋರ್ಟ್ ಬೋ ಕಡೆ, ಅಂದ್ರೆ ಎಡಗಡೆ ಮುಂದೆ, ಒಂದು ಬಿಳಿ ಬೆಳಕು ಕಂಡಿತು. ಸುಮಾರು 7 ಮೈಲಿ. ರಡಾರ್‌ನಲ್ಲಿ ಆ ಜಾಗದಲ್ಲಿ ಒಂದು ಸಣ್ಣ ಎಕೋ (ಚುಕ್ಕೆ) ಇತ್ತು, ಎಐಎಸ್ ತ್ರಿಕೋನ ಇರಲಿಲ್ಲ. ಎಐಎಸ್ ಅಂದ್ರೆ ಹಡಗು ತಾನೇ ತನ್ನ ಹೆಸರು, ಕೋರ್ಸು, ಸ್ಪೀಡು ರೇಡಿಯೋದಲ್ಲಿ ಸಾರ್ತಾ ಇರೋ ಯಂತ್ರ, ಅದು ಇದ್ರೆ ಪರದೆ ಮೇಲೆ ತ್ರಿಕೋನ ಕಾಣುತ್ತೆ, ನಿಮಗೆ ಗೊತ್ತಿರುತ್ತೆ, ಓದೋ ಬೇರೆಯವರಿಗೆ ಹೇಳ್ತಿದೀನಿ. ತ್ರಿಕೋನ ಇಲ್ಲ, ಎಕೋ ಸಣ್ಣದು, ಬೆಳಕು ಒಂಟಿ. ಫಿಶಿಂಗ್ ಬೋಟ್ ಅಂದ್ಕೊಂಡೆ.

ಇದೇ ತಪ್ಪು ಮಾರಾಯ್ರೆ. ಇದೊಂದೇ. ಮುಂದಿನ ಹದಿಮೂರು ನಿಮಿಷದಲ್ಲಿ ನಾನು ಮಾಡಿದ್ದು, ಮಾಡದೆ ಬಿಟ್ಟಿದ್ದು ಎಲ್ಲಾ ಇದೊಂದರಿಂದಲೇ ಬಂತು, ಹಾಗಾಗಿ ಇದನ್ನ ಬಿಡಿಸಿ ಹೇಳ್ತೀನಿ, ಉದ್ದ ಆದ್ರೆ ಆಗಲಿ.

ಅಂತಾರಾಷ್ಟ್ರೀಯ ಪ್ರಯಾಣದ 300 ಟನ್ನಿಗೆ ಮೇಲ್ಪಟ್ಟ ಸರಕು ಹಡಗುಗಳಿಗೆ ಎಐಎಸ್ ಕಡ್ಡಾಯ, ಅದು ಸೋಲಾಸ್ (ಸಮುದ್ರದಲ್ಲಿ ಜೀವ ಸುರಕ್ಷತೆಯ ಅಂತಾರಾಷ್ಟ್ರೀಯ ಒಪ್ಪಂದ) ನಿಯಮ. ಆದ್ರೆ ಸೋಲಾಸ್‌ನ ಆ ಭಾಗ ಯುದ್ಧನೌಕೆಗೆ ಅನ್ವಯಿಸಲ್ಲ. ಅವರು ಎಐಎಸ್ ಆಫ್ ಮಾಡಿ ಹೋಗಬಹುದು, ಬೇರೆಯವರದ್ದನ್ನ ಮಾತ್ರ ಕೇಳಿಸಿಕೊಳ್ತಾ ತಾವು ಸುಮ್ಮನಿರಬಹುದು. ಅಂದ್ರೆ ಆ ಸಮುದ್ರದಲ್ಲಿ ತ್ರಿಕೋನ ಇಲ್ಲದ ಚುಕ್ಕೆ ಎರಡು ಥರದ್ದು ಇರಬಹುದು: 8 ನಾಟ್‌ನಲ್ಲಿ ತೆವಳೋ ದೋಣಿ, ಇಲ್ಲಾ 20 ನಾಟ್ ಮೇಲೆ ಓಡೋ ಯುದ್ಧನೌಕೆ. ಪರೀಕ್ಷೇಲಿ ಕೇಳಿದ್ರೆ ನಾನು ಇದನ್ನ ನಿದ್ದೇಲೂ ಹೇಳ್ತಿದ್ದೆ. ಬ್ರಿಜ್ ಮೇಲೆ ನಿಂತಾಗ ತಲೇಲಿ ಮೊದಲನೇದು ಮಾತ್ರ ಇತ್ತು, ಯಾಕಂದ್ರೆ ನಾನು ಬೋಟಲ್ಲಿ ಬೆಳೆದವನು, ಬೋಟು ನೋಡಿದ್ರೆ ನನಗೆ ಗೊತ್ತಾಗುತ್ತೆ ಅನ್ನೋ ನಂಬಿಕೆ.

ಎಕೋ ಯಾಕೆ ಸಣ್ಣದಿತ್ತು? ಈಗಿನ ಯುದ್ಧನೌಕೆಗಳ ಮೈಯನ್ನ ರಡಾರ್ ಅಲೆ ವಾಪಸ್ ಬರದ ಹಾಗೆ ಓರೆ ಓರೆಯಾಗಿ ಕಟ್ಟಿರ್ತಾರೆ. ಹಡಗು ದೊಡ್ಡದೇ, ಪರದೆ ಮೇಲೆ ಮಾತ್ರ ಬೋಟಿನಷ್ಟು. ಬೆಳಕು ಯಾಕೆ ಒಂಟಿ? ದೊಡ್ಡ ಹಡಗಿಗೆ ಮುಂದೊಂದು ಹಿಂದೊಂದು ಮಾಸ್ಟ್‌ಹೆಡ್ ಲೈಟ್ ಇರುತ್ತೆ, ಎರಡರ ನಡುವಿನ ಅಂತರ ನೋಡಿ ಅದು ಎತ್ತ ಮುಖ ಮಾಡಿದೆ ಅಂತ ನಾವು ಅಂದಾಜು ಮಾಡ್ತೀವಿ. ಎಷ್ಟೋ ಯುದ್ಧನೌಕೆಗಳಲ್ಲಿ ಕಟ್ಟಿರೋ ರೀತಿಯಿಂದಾಗಿ ಆ ಎರಡು ಲೈಟು ಒತ್ತೊತ್ತಾಗಿ ಇರ್ತವೆ, ವಿಶೇಷ ರಚನೆಯ ಹಡಗು ಅಂತ ನಿಯಮವೇ ಅದಕ್ಕೆ ಅವಕಾಶ ಕೊಟ್ಟಿದೆ. ದೂರದಿಂದ ಒಂದೇ ಅನ್ಸುತ್ತೆ. ಕಣ್ಣೂ ಬೋಟ್ ಅಂತು, ರಡಾರೂ ಬೋಟ್ ಅಂತು, ಎಐಎಸ್ಸೂ ಬೋಟ್ ಅಂತು ಅಂತ ಆಮೇಲೆ ಆಫೀಸಿನಲ್ಲಿ ಹೇಳ್ಕೊಂಡೆ. ಅದು ನಿಜ ಅಲ್ಲ. ಮೂರೂ ಏನೂ ಹೇಳಿರಲಿಲ್ಲ, ಹೇಳಿದ್ದು ನಾನು.

ಮಾಡಬೇಕಾಗಿದ್ದು ಏನು ಗೊತ್ತಾ? ರಡಾರ್ ಮೇಲೆ ಕರ್ಸರ್ ಇಟ್ಟು ಅಕ್ವೈರ್ ಬಟನ್ ಒಂದು ಸಲ ಒತ್ತೋದು. ಅಷ್ಟೇ. ಆರ್ಪಾ (ರಡಾರಿನ ಲೆಕ್ಕ ಹಾಕೋ ವ್ಯವಸ್ಥೆ) ಮೂರು ನಿಮಿಷದೊಳಗೆ ಟಾರ್ಗೆಟ್‌ನ ಸ್ಪೀಡು 22 ನಾಟ್ ಅಂತ ತೋರಿಸ್ತಿತ್ತು, ಸಿಪಿಎ (ಎರಡು ಹಡಗು ಅತಿ ಹತ್ರ ಬರೋ ದೂರ) ಸೊನ್ನೆ ಅಂತ ತೋರಿಸ್ತಿತ್ತು. 22 ನಾಟ್ ಓಡೋ ಮೀನಿನ ಬೋಟು ನಮ್ಮ ಚಿಕ್ಕಪ್ಪ ಜನ್ಮದಲ್ಲಿ ನೋಡಿಲ್ಲ. ನಾನು ಒತ್ತಲಿಲ್ಲ. ಆ ವಾಚ್‌ನಲ್ಲಿ ಬೋಟುಗಳನ್ನೆಲ್ಲ ಅಕ್ವೈರ್ ಮಾಡಿದ್ರೆ ಪರದೆ ತುಂಬಿ ಏನೂ ಕಾಣಲ್ಲ ಅಂತ ತ್ರಿಕೋನ ಇದ್ದವರನ್ನ ಮಾತ್ರ ಟ್ರ್ಯಾಕ್ ಮಾಡ್ತಿದ್ದೆ. ಅಂದ್ರೆ ತನ್ನ ಬಗ್ಗೆ ತಾನೇ ಹೇಳ್ಕೊಳ್ಳೋರ ಮೇಲೆ ನಿಗಾ ಇಟ್ಟು, ಬಾಯಿ ಮುಚ್ಕೊಂಡು ಬರ್ತಿರೋರನ್ನ ಬಿಟ್ಟಿದ್ದೆ. ಪೂರ್ತಿ ಉಲ್ಟಾ.

10:35ಕ್ಕೆ ಕಾಕಾ ಹೇಳಿದ್ರು, "ಸಾಬ್, ವೋ ಲೈಟ್ ಹಿಲ್ ನಹೀಂ ರಹಾ." ಲೈಟು ಅಲ್ಲಾಡ್ತಾನೇ ಇಲ್ಲ ಅಂತ. ಅವರು ಬ್ರಿಜ್ ಕಿಟಕಿಯ ಎಡಗಡೆ ವೈಪರ್ ಕಡ್ಡಿಗೆ ಸರಿಯಾಗಿ ಆ ಬೆಳಕನ್ನ ಇಟ್ಕೊಂಡು ನಿಂತಿದ್ರು, ನಾಲ್ಕು ನಿಮಿಷ ಕದಲದೆ ನಿಂತಿದ್ರು, ಬೆಳಕು ಕಡ್ಡಿ ಬಿಟ್ಟು ಒಂದು ಬೆರಳೂ ಆಚೆ ಈಚೆ ಹೋಗಿರಲಿಲ್ಲ. ನೀವು ಓದಿರೋ ಡಿಕ್ಕಿ ತಡೆ ನಿಯಮಗಳ ರೂಲ್ 7 ಅದೇ: ಬರ್ತಿರೋ ಹಡಗಿನ ಕಂಪಾಸ್ ಬೇರಿಂಗ್ (ಅದು ಕಾಣೋ ದಿಕ್ಕು) ಗಮನಾರ್ಹವಾಗಿ ಬದಲಾಗದಿದ್ರೆ ಡಿಕ್ಕಿಯ ಅಪಾಯ ಇದೆ ಅಂತಲೇ ತಿಳೀಬೇಕು. ಕಾಕಾ ಕಂಪಾಸ್ ಇಲ್ಲದೆ ಅದನ್ನ ನನ್ನ ಕೈಗೆ ಕೊಟ್ರು. ನಾನು ಬೇರಿಂಗ್ ತಗೊಳ್ಳಲಿಲ್ಲ. "ಬೋಟ್ ಹೈ ಕಾಕಾ, ಘೂಮ್ ಜಾಯೇಗಾ" ಅಂದೆ. ತಿರುಗುತ್ತೆ ಬಿಡಿ ಅಂತ. ಅಲ್ಲದೆ ಅದು ನಮ್ಮ ಎಡಗಡೆ ಇತ್ತು. ಕ್ರಾಸಿಂಗ್‌ನಲ್ಲಿ ಯಾರ ಬಲಗಡೆ ಇನ್ನೊಬ್ಬ ಇದಾನೋ ಅವನು ದಾರಿ ಬಿಡಬೇಕು, ರೂಲ್ 15. ನಾವು ಅದರ ಬಲಗಡೆ. ನಿಮ್ಮ ಪ್ರಶ್ನೇಲಿರೋ ಮಾತೇ ನನ್ನ ತಲೇಲೂ ಇತ್ತು: ನಾನು ಸ್ಟ್ಯಾಂಡ್ ಆನ್, ಅವನು ನೋಡ್ಕೊಳ್ಳಲಿ.

10:38. ಮೂರು ಮೈಲಿ ಚಿಲ್ಲರೆ. ಬಿಳಿ ಬೆಳಕಿನ ಕೆಳಗೆ ಹಸಿರು ಲೈಟ್ ಕಾಣಿಸ್ತು, ಬಿಳಿದು ಒಂದಲ್ಲ ಎರಡು ಅನ್ನೋದೂ ಆಗ ಕಾಣಿಸ್ತು. ಎದೆ ಡವಡವ ಅಂತು. ಆಗಲಾದ್ರೂ ಕ್ಯಾಪ್ಟನ್‌ನ ಕರೀಬೇಕಿತ್ತು, ನೈಟ್ ಆರ್ಡರ್‌ನಲ್ಲಿ ಅನುಮಾನ ಬಂದ್ರೆ ಕರಿ ಅಂತ ಅವರ ಕೈಬರಹದಲ್ಲೇ ಇತ್ತು, ಕೆಳಗೆ ನನ್ನ ಸಹಿಯೂ ಇತ್ತು. ನಾನು ವಿಎಚ್‌ಎಫ್ ರೇಡಿಯೋ ಹಿಡಿದೆ. ಚಾನೆಲ್ 16ರಲ್ಲಿ "ವೆಸಲ್ ಆನ್ ಮೈ ಪೋರ್ಟ್ ಬೋ" ಅಂತ ಕೂಗಿದೆ. ಆ ರಾತ್ರಿ ಎಷ್ಟು ಹಡಗಿನವರಿಗೆ ತಾವು ಯಾರದ್ದೋ ಪೋರ್ಟ್ ಬೋ ಅನ್ನಿಸಿರಬೇಡ? ಯಾರೋ ಒಬ್ಬರು "ಓಕೆ ಓಕೆ, ಐ ಗೋ ಆಸ್ಟರ್ನ್" ಅಂದ್ರು. ಹಿಂದಿಂದ ಹೋಗ್ತೀನಿ ಅಂತ. ನನಗೆ ಹೋದ ಜೀವ ಬಂದ ಹಾಗಾಯ್ತು. ಆ ಮಾತಾಡಿದವನು ಎದುರಿಗಿದ್ದ ಹಡಗಿನವನಲ್ಲ, ಬೇರೆ ಯಾರೋ. ಆ ಸಮಾಧಾನದಲ್ಲಿ ಇನ್ನೆರಡು ನಿಮಿಷ ಹೋಯ್ತು. ಆ ವೇಗದಲ್ಲಿ ಎರಡು ನಿಮಿಷ ಅಂದ್ರೆ ಒಂದು ಮೈಲಿ.

10:42ಕ್ಕೆ ಕ್ಯಾಪ್ಟನ್ ತಾವಾಗಿಯೇ ಮೇಲೆ ಬಂದ್ರು, ನಿದ್ದೆ ಬರ್ಲಿಲ್ಲ ಅಂತ ಟೀ ಹಿಡ್ಕೊಂಡು. ಬಾಗಿಲ ಪರದೆ ಸರಿಸಿ ಕತ್ತಲಿಗೆ ಕಣ್ಣು ಹೊಂದಿಸ್ಕೊಳ್ಳೋಕೂ ಮುಂಚೆ ಎಡಗಡೆ ಆ ಹಸಿರು ನೋಡಿದ್ರು. ಟೀ ಕಪ್ಪು ಎಲ್ಲಿ ಬಿತ್ತೋ. "ಹಾರ್ಡ್ ಸ್ಟಾರ್‌ಬೋರ್ಡ್!" ಅಂದವರೇ ಹಾರ್ನ್ ಹಿಡಿದು ಐದು ಸಲ ಕೂಗಿಸಿದ್ರು, ಕಾಕಾ ಆಟೋಪೈಲಟ್ ತೆಗೆದು ಚುಕ್ಕಾಣಿ ತಿರುಗಿಸಿದ್ರು. ಹಡಗು ಮಲಗಿದ ಹಾಗೆ ವಾಲಿತು. ಚಾರ್ಟ್ ಟೇಬಲ್ ಮೇಲಿನ ಫೈಲು, ಬೈನಾಕ್ಯುಲರ್, ಸ್ಕೇಲು ಎಲ್ಲಾ ನೆಲಕ್ಕೆ. ಅವರೂ ಕೊನೇ ಕ್ಷಣದಲ್ಲಿ ಬಲಕ್ಕೆ ತಿರುಗಿದ್ರು ಅನ್ಸುತ್ತೆ, ಬೂದು ಬಣ್ಣದ ಒಂದು ಗೋಡೆ ನಮ್ಮ ಸ್ಟರ್ನ್ (ಹಡಗಿನ ಹಿಂಬದಿ) ಹಿಂದೆ ಹಾದು ಹೋಯ್ತು. ಎರಡು ಕೇಬಲ್ ದೂರ, ಅಂದ್ರೆ ಸುಮಾರು 370 ಮೀಟರ್. ಅವರ ಡೆಕ್ ಮೇಲೆ ಒಬ್ಬ ಟಾರ್ಚ್ ಹಿಡಿದು ಓಡ್ತಿದ್ದದ್ದು ಬರಿಗಣ್ಣಿಗೆ ಕಂಡಿತು. ಯಾವ ದೇಶದ್ದು ಅಂತ ಇಲ್ಲಿ ಬರೆಯಲ್ಲ.

ಡಿಕ್ಕಿ ಆಗ್ಲಿಲ್ಲ. ಆದ್ರೆ ಇಂಜಿನ್ ರೂಮಿನಲ್ಲಿ ಏಣಿ ಇಳೀತಿದ್ದ ಆಯ್ಲರ್ ಹುಡುಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರ್ಕೊಂಡ. ಮದುವೆ ಗೊತ್ತಾಗಿತ್ತು ಅವನಿಗೆ, ಕೊಲಂಬೋದಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸ್ಕೊಂಡು ಮನೆಗೆ ಹೋದ. ನಾನೂ ಅಲ್ಲೇ ಸೈನ್ ಆಫ್ ಆದೆ. ಆಫೀಸಿನಲ್ಲಿ ವಿಡಿಆರ್ (ಹಡಗಿನ ಬ್ಲ್ಯಾಕ್ ಬಾಕ್ಸ್) ರೆಕಾರ್ಡಿಂಗ್ ಹಾಕಿ ಕೂರಿಸಿದ್ರು, ನನ್ನ ದನಿಯೇ "ಬೋಟ್ ಹೈ ಕಾಕಾ" ಅಂತ ಸ್ಪಷ್ಟವಾಗಿ ಕೇಳಿಸ್ತು. ನಾನು ರೂಲ್ 15 ಅಂದೆ, ಸ್ಟ್ಯಾಂಡ್ ಆನ್ ಅಂದೆ, ಅವರದ್ದು ಎಐಎಸ್ ಆಫ್ ಇತ್ತು ಅಂದೆ. ಸೂಪರಿಂಟೆಂಡೆಂಟ್ ಎಲ್ಲ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದ್ರು: "10:35ಕ್ಕೆ ಬೇರಿಂಗ್ ಎಷ್ಟಿತ್ತು?" ನನ್ನ ಹತ್ರ ಉತ್ತರ ಇರಲಿಲ್ಲ. ಪ್ರಮೋಷನ್ ಹೋಯ್ತು, ಆ ಕಂಪನಿಯಿಂದ ಮತ್ತೆ ಕರೆ ಬರ್ಲಿಲ್ಲ, ಹದಿನಾಲ್ಕು ತಿಂಗಳು ಮನೇಲಿ ಕೂತೆ, ಆಮೇಲೆ ಬೇರೆ ಕಡೆ ಮತ್ತೆ ಥರ್ಡ್ ಮೇಟ್ ಆಗಿಯೇ ಸೇರಿದೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ, ಬೇಜಾರು ಮಾಡ್ಕೋಬೇಡಿ. ಕೋಲ್‌ರೆಗ್ಸ್, ಅಂದ್ರೆ 1972ರ ಡಿಕ್ಕಿ ತಡೆ ನಿಯಮಗಳು, ಸಮುದ್ರದಲ್ಲಿರೋ ಎಲ್ಲಾ ಹಡಗಿಗೂ ಒಂದೇ, ಯುದ್ಧನೌಕೆಗೂ ಅದೇ. ತೋಪು ಇದೆ ಅಂತ ಅವರಿಗೆ ಮುಂದೆ ಹೋಗೋ ಹಕ್ಕಿಲ್ಲ. ಅವರು ವಿಮಾನ ಹಾರಿಸ್ತಾ ಇಳಿಸ್ತಾ ಇದ್ರೆ, ನಡು ಸಮುದ್ರದಲ್ಲಿ ಇನ್ನೊಂದು ಹಡಗಿನಿಂದ ಎಣ್ಣೆ ಸಾಮಾನು ತುಂಬಿಸ್ಕೊಳ್ತಾ ಇದ್ರೆ, ಮೈನ್ ತೆಗೀತಾ ಇದ್ರೆ ಆಗ ತಿರುಗೋಕೆ ಕಷ್ಟ ಇರೋ ಹಡಗು ಅಂತ ಲೆಕ್ಕ, ಕೆಂಪು ಬಿಳಿ ಕೆಂಪು ಲೈಟ್ (ಮೈನ್ ತೆಗೆಯುವಾಗ ಮೂರು ಹಸಿರು ಲೈಟ್) ಹಾಕಿರ್ತಾರೆ, ಆಗ ನಾವು ದಾರಿ ಬಿಡಲೇಬೇಕು. ಅದು ಕೂಡ ಅವರು ಮಾಡ್ತಿರೋ ಕೆಲಸಕ್ಕೆ ಸಿಕ್ಕಿದ್ದು, ನೇವಿ ಅನ್ನೋ ಹೆಸರಿಗೆ ಅಲ್ಲ. ಹಾಗೇ ಸ್ಟ್ಯಾಂಡ್ ಆನ್ ಅನ್ನೋದೂ ಹಕ್ಕಲ್ಲ, ಅದೊಂದು ಕರ್ತವ್ಯ. ಕೋರ್ಸು ಸ್ಪೀಡು ಬದಲಿಸದೆ ಇರು, ಅವನು ದಾರಿ ಬಿಡ್ತಿಲ್ಲ ಅಂತ ಗೊತ್ತಾದ ಕೂಡಲೇ ನೀನು ತಿರುಗಬಹುದು, ಅವನೊಬ್ಬನಿಂದ ತಪ್ಪಿಸೋಕೆ ಆಗದಷ್ಟು ಹತ್ರ ಬಂದ್ರೆ ನೀನು ಏನಾದ್ರೂ ಮಾಡಲೇಬೇಕು. ರೂಲ್ 17 ಪೂರ್ತಿ ಓದಿ, ಮೊದಲನೇ ಸಾಲಿಗೆ ನಿಲ್ಲಿಸಬೇಡಿ. ನಾನು ನಿಲ್ಲಿಸಿದ್ದು ಅಲ್ಲೇ.

ತಪ್ಪು ಯಾರದ್ದು ಅಂತ ಕೊನೆಗೆ ಹೇಗೆ ಹಂಚ್ತಾರೆ ಅನ್ನೋದಕ್ಕೆ ನನ್ನ ಕತೆಗೆ ಅಕ್ಕತಂಗಿಯ ಹಾಗಿರೋದು ಒಂದಿದೆ. 2017ರ ಜೂನ್ 17, ಜಪಾನಿನ ಇಜು ಪರ್ಯಾಯದ್ವೀಪದ ಹತ್ರ ನಡುರಾತ್ರಿ ಒಂದೂವರೆ ಸುಮಾರಿಗೆ ಅಮೆರಿಕದ ಡಿಸ್ಟ್ರಾಯರ್ ಯುದ್ಧನೌಕೆ ಫಿಟ್ಜ್‌ಜೆರಾಲ್ಡ್‌ಗೂ ಫಿಲಿಪೈನ್ಸ್ ಬಾವುಟದ ಕಂಟೇನರ್ ಹಡಗು ಎಸಿಎಕ್ಸ್ ಕ್ರಿಸ್ಟಲ್‌ಗೂ ಡಿಕ್ಕಿ ಆಯ್ತು. ನೀರು ನುಗ್ಗಿ ಏಳು ಜನ ನಾವಿಕರು ಸತ್ರು. ಕಂಟೇನರ್ ಹಡಗು ಡಿಸ್ಟ್ರಾಯರ್‌ನ ಬಲಗಡೆ ಇತ್ತು, ಅಂದ್ರೆ ದಾರಿ ಬಿಡಬೇಕಾಗಿದ್ದು ನೇವಿ, ನಮ್ಮ ಕೇಸಿನ ಹಾಗೇ. ನಾನು ಆ ಸುದ್ದಿ ಓದಿದ ದಿನ ಊಟ ಸೇರಲಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2020ರಲ್ಲಿ ವರದಿ ಕೊಟ್ಟಿತು: ಮುಖ್ಯ ಕಾರಣ ಡಿಸ್ಟ್ರಾಯರ್‌ನ ಬ್ರಿಜ್ ಮೇಲಿದ್ದವರು ಬೇಗ, ಸಾಕಷ್ಟು ತಿರುಗದೇ ಇದ್ದದ್ದು. ಆದ್ರೆ ಅಲ್ಲಿಗೆ ಮುಗಿಸಲಿಲ್ಲ. ಕಂಟೇನರ್ ಹಡಗಿನ ವಾಚ್ ಆಫೀಸರ್ ಯುದ್ಧನೌಕೆಯನ್ನ ಬೇಗ ಪತ್ತೆ ಮಾಡಲಿಲ್ಲ, ಅನುಮಾನ ಬಂದ ಮೇಲೂ ಸಾಕಷ್ಟು ಮಾಡಲಿಲ್ಲ ಅಂತ ಅದನ್ನೂ ಕಾರಣಗಳ ಪಟ್ಟಿಗೆ ಸೇರಿಸಿತು. ಆ ವಾಕ್ಯದಲ್ಲಿರೋ ವಾಚ್ ಆಫೀಸರ್ ನಾನೇ ಆಗಿರಬಹುದಿತ್ತು.

ಹಳೇದು ಬೇಕಾದ್ರೆ 1942ರ ಅಕ್ಟೋಬರ್ 2. ಸೈನಿಕರನ್ನ ತುಂಬ್ಕೊಂಡು ಬರ್ತಿದ್ದ ಕ್ವೀನ್ ಮೇರಿ ಅನ್ನೋ ದೊಡ್ಡ ಲೈನರ್ (ಪ್ರಯಾಣಿಕರ ಹಡಗು) ತನ್ನ ಕಾವಲಿಗೆ ಬಂದಿದ್ದ ಬ್ರಿಟಿಷ್ ಯುದ್ಧನೌಕೆ ಕ್ಯುರಕೋವನ್ನೇ ಎರಡು ತುಂಡು ಮಾಡಿತು, 300ಕ್ಕೂ ಹೆಚ್ಚು ಜನ ಹೋದ್ರು. ಕೋರ್ಟು ಮೊದಲು ನೇವಿದೇ ಪೂರ್ತಿ ತಪ್ಪು ಅಂತು, ಅಪೀಲಿನಲ್ಲಿ ಮೂರರಲ್ಲಿ ಎರಡು ಪಾಲು ನೇವಿಗೆ, ಒಂದು ಪಾಲು ಲೈನರ್‌ಗೆ ಅಂತ ಆಯ್ತು. ಒಂದು ಪಾಲು ಅಂದ್ರೂ ಪಾಲೇ.

ಇನ್ನೊಂದು, ಇದು ತಿರುಗುಮುರುಗು. 2018ರ ನವೆಂಬರ್ 8, ನಾರ್ವೆಯ ಸ್ಟೂರೆ ಟರ್ಮಿನಲ್ ಹತ್ರ ಬೆಳಗಿನ ಜಾವ ನಾಲ್ಕಕ್ಕೆ ಅಲ್ಲಿನ ನೇವಿಯ ಫ್ರಿಗೇಟ್ (ಒಂದು ಥರದ ಯುದ್ಧನೌಕೆ) ಹೆಲ್ಗೆ ಇಂಗ್‌ಸ್ಟಾಡ್ 17 ನಾಟ್ ಸುಮಾರಿಗೆ ಬರ್ತಿತ್ತು, ಎಐಎಸ್ ಕಳಿಸ್ತಿರಲಿಲ್ಲ. ಎದುರಿಗೆ ಸೋಲಾ ಟಿಎಸ್ ಅನ್ನೋ ತೈಲ ಟ್ಯಾಂಕರ್ ಡೆಕ್ ಲೈಟೆಲ್ಲ ಉರಿಸ್ಕೊಂಡು ಆಗಷ್ಟೇ ಹೊರಟಿತ್ತು. ಫ್ರಿಗೇಟಿನವರು ಆ ಬೆಳಕಿನ ರಾಶೀನ ದಡದ ಹತ್ರ ನಿಂತಿರೋ ಏನೋ ಅಂದ್ಕೊಂಡ್ರು. 137 ಜನ ಬದುಕಿಕೊಂಡ್ರು, ಆಧುನಿಕ ಫ್ರಿಗೇಟು ಮುಳುಗಿ ಗುಜರಿಗೆ ಹೋಯ್ತು. ನಾನು ಯುದ್ಧನೌಕೆ ನೋಡಿ ಬೋಟ್ ಅಂದೆ, ಅವರು ಟ್ಯಾಂಕರ್ ನೋಡಿ ದಡ ಅಂದ್ರು. ನಮ್ಮಲ್ಲೂ 2011ರ ಜನವರಿ 30ರಂದು ಮುಂಬಯಿ ಬಂದರಿನ ಬಾಯಲ್ಲೇ ಐಎನ್‌ಎಸ್ ವಿಂಧ್ಯಗಿರಿ ಮತ್ತು ಸೈಪ್ರಸ್ ಬಾವುಟದ ನಾರ್ಡ್‌ಲೇಕ್ ಡಿಕ್ಕಿ ಆಗಿ, ಬೆಂಕಿ ಹತ್ತಿ ಫ್ರಿಗೇಟ್ ಮುಳುಗಿದ್ದು ನಿಮಗೆ ನೆನಪಿರಬಹುದು. ಯಾರೂ ಸಾಯಲಿಲ್ಲ, ಅದೊಂದು ಪುಣ್ಯ.

"ಅವರದ್ದೇ ತಪ್ಪು ತಾನೆ" ಅನ್ನೋದನ್ನ ನೆಚ್ಕೋಬೇಡಿ ಅನ್ನೋಕೆ ಇನ್ನೂ ಒಂದು ಕಾರಣ. ತೆರೆದ ಸಮುದ್ರದಲ್ಲಿ ಯುದ್ಧನೌಕೆಗೆ ಅದರ ಸ್ವಂತ ದೇಶ ಬಿಟ್ಟು ಬೇರೆ ಯಾರ ಅಧಿಕಾರವೂ ನಡೆಯಲ್ಲ, ಸಮುದ್ರ ಕಾನೂನಿನ ಅಂತಾರಾಷ್ಟ್ರೀಯ ಒಪ್ಪಂದದಲ್ಲೇ ಹಾಗಿದೆ. ಅವರ ಆಫೀಸರ್‌ನ ಅವರ ನೇವಿ ನೋಡ್ಕೊಳ್ಳುತ್ತೆ. ನಿಮ್ಮನ್ನ ನಿಮ್ಮ ಹಡಗಿನ ಬಾವುಟದ ದೇಶ ಕೇಳುತ್ತೆ, ಡಿಜಿ ಶಿಪ್ಪಿಂಗ್ (ನಮ್ಮ ದೇಶದ ಹಡಗು ಇಲಾಖೆ) ಕೇಳುತ್ತೆ, ಕಂಪನಿ ಕೇಳುತ್ತೆ, ಬಂದರಿನ ಪೊಲೀಸರು ಕೇಳಿದ್ರೂ ಕೇಳಿದ್ರೇ. ಸಿಒಸಿ (ಆಫೀಸರ್ ಆಗಿ ಕೆಲಸ ಮಾಡೋ ಸರ್ಟಿಫಿಕೇಟ್) ನಿಮ್ಮ ಹೆಸರಲ್ಲಿರೋದು. ನಮ್ಮ ಕೇಸಲ್ಲಿ ಆ ಯುದ್ಧನೌಕೆಯ ಬ್ರಿಜ್ ಮೇಲೆ ಯಾರಿದ್ರು, ಅವರು ನಮ್ಮನ್ನ ನೋಡಿದ್ರಾ ಇಲ್ವಾ, ಇವತ್ತಿನವರೆಗೂ ನನಗೆ ಗೊತ್ತಿಲ್ಲ.

ನಾನು ಈಗ ಚೀಫ್ ಆಫೀಸರ್. ನನ್ನ ವಾಚ್‌ನಲ್ಲಿ ಹೇಗೆ ಮಾಡ್ತೀನಿ ಅಂದ್ರೆ, ತ್ರಿಕೋನ ಇಲ್ಲದ ಚುಕ್ಕೆ ಕಂಡ್ರೆ ಮೊದಲು ಅದನ್ನೇ ಅಕ್ವೈರ್ ಮಾಡ್ತೀನಿ, ಪರದೆ ತುಂಬಿದ್ರೆ ತುಂಬಲಿ. ಬ್ರಿಜ್ ಪಕ್ಕದ ವಿಂಗ್‌ಗೆ ಹೋಗಿ ಬೇರಿಂಗ್ ತಗೊಂಡು ಕಾಗದದ ಮೇಲೆ ಟೈಮ್ ಸಮೇತ ಬರೀತೀನಿ, ಮೂರು ನಿಮಿಷ ಬಿಟ್ಟು ಮತ್ತೆ ಬರೀತೀನಿ. ಯುದ್ಧನೌಕೆ ಅಂತ ಅನುಮಾನ ಬಂದ್ರೆ, ಅದು ಇನ್ನೂ ಹತ್ತು ಹನ್ನೆರಡು ಮೈಲಿ ದೂರ ಇರುವಾಗಲೇ, ಡಿಕ್ಕಿಯ ಮಾತೇ ಹುಟ್ಟದ ದೂರದಲ್ಲೇ, ದೊಡ್ಡದಾಗಿ ತಿರುಗಿ ದೂರ ಹೋಗಿಬಿಡ್ತೀನಿ, ಆಗ ಯಾರು ಸ್ಟ್ಯಾಂಡ್ ಆನ್ ಅನ್ನೋ ಪ್ರಶ್ನೇನೇ ಬರಲ್ಲ. ಎರಡು ಡಿಗ್ರಿ, ಮೂರು ಡಿಗ್ರಿ ಅಂತ ಕದ್ದು ಕದ್ದು ತಿರುಗಿಸಬೇಡಿ, ಎದುರಿನವನಿಗೆ ಅದು ಕಾಣೋದೇ ಇಲ್ಲ. ಹತ್ರ ಬಂದ ಮೇಲೆ ತಿರುಗಬೇಕಾಗಿ ಬಂದ್ರೆ, ಎಡಗಡೆ ಇರೋ ಹಡಗನ್ನ ತಪ್ಪಿಸೋಕೆ ಎಡಕ್ಕೆ ತಿರುಗಬೇಡಿ, ಅವನು ಬಲಕ್ಕೆ ತಿರುಗಿದ್ರೆ ನೀವಿಬ್ರೂ ಒಂದೇ ಜಾಗಕ್ಕೆ ಹೋಗ್ತೀರಿ. ವಿಎಚ್‌ಎಫ್‌ನಲ್ಲಿ ಒಪ್ಪಂದ ಮಾಡ್ಕೋಬೇಡಿ. ಎದುರಿನ ಹಡಗಿನ ಹೆಸರು ಗೊತ್ತಿಲ್ಲದೆ ಮಾಡಿದ ಒಪ್ಪಂದ ಯಾರ ಜೊತೆ ಅಂತ ದೇವರಿಗೇ ಗೊತ್ತು. ಕ್ಯಾಪ್ಟನ್‌ನ ಕರೆಯೋಕೆ ನಾಚಿಕೆ ಬೇಡ, ಬೈದ್ರೂ ಬೈಸ್ಕೊಳ್ಳಿ. ಲುಕ್‌ಔಟ್ ಏನಾದ್ರೂ ಹೇಳಿದ್ರೆ ಉತ್ತರ ಕೊಡೋಕೆ ಮುಂಚೆ ಅವರ ಪಕ್ಕ ಹೋಗಿ ನಿಂತು ಅವರು ನೋಡ್ತಿರೋದನ್ನ ನೋಡಿ. ಕಾಕಾ ಆ ರಾತ್ರಿ ವಾಚ್ ಮುಗಿದ ಮೇಲೆ ನನಗೆ ಏನೂ ಅನ್ನಲಿಲ್ಲ, ನೆಲದ ಮೇಲೆ ಬಿದ್ದಿದ್ದ ಬೈನಾಕ್ಯುಲರ್ ಎತ್ತಿ ಒರೆಸಿ ಪೆಟ್ಟಿಗೇಲಿ ಇಟ್ಟು ಹೋದ್ರು.

ಬಾವುಟದ್ದು: ಹಗಲು ಹೊತ್ತು ಹತ್ತಿರದಲ್ಲಿ ಹಾದು ಹೋಗುವಾಗ ಯುದ್ಧನೌಕೆಗೆ ಬಾವುಟ ಸ್ವಲ್ಪ ಇಳಿಸಿ ಏರಿಸೋದು ಹಳೇ ಮರ್ಯಾದೆ, ಅವರೂ ಇಳಿಸಿ ಉತ್ತರ ಕೊಡ್ತಾರೆ. ನಾನು ಮಾಡ್ತೀನಿ, ನೀವೂ ಮಾಡಿ. ದಾರಿ ಬಿಡೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಯಾವ ಪೋರ್ಟಿನಿಂದ ಜಾಯಿನ್ ಆಗ್ತಿದೀರಿ, ಯಾವ ಥರದ ಹಡಗು ಅಂತ ಕಾಮೆಂಟಿನಲ್ಲಿ ಹೇಳಿ, ಆ ಕಡೆ ನಾನು ಹೋಗಿದ್ರೆ ಟ್ರಾಫಿಕ್ ಹೇಗಿರುತ್ತೆ ಅಂತ ಬರೀತೀನಿ.